ಇನ್ನೂರ ಹದಿನಾಲ್ಕನೇ ನಂಬರಿನ ಗುಂಡಿಗೆ

"ಇನ್ನ ಐದು ನಿಮಿಷ ಯಾರೂ ಮಾತಾಡಬ್ಯಾಡ್ರಿ."

ಇಷ್ಟು ಹೇಳಿ ಹೊನ್ನೂರಮ್ಮ ಕೈಗಡಿಯಾರ ಬಿಚ್ಚಿ ನೆಲದ ಮೇಲಿಡುತ್ತಾರೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾಲುವೆ ಕಡೆಯಿಂದ ಎದ್ದ ಮಂಜು ಸಿರಿಗೇರಿಯ ಈ ಓಣಿಯನ್ನು ತುಂಬಿ, ಮನೆಯ ಹೊಸ್ತಿಲವರೆಗೂ ಬಂದು ನಿಂತಿದೆ. ಒಳಗೆ ಅರವತ್ತು ದಾಟಿದ ಹೆಂಗಸೊಬ್ಬರು ಪ್ಲಾಸ್ಟಿಕ್ ಕುರ್ಚಿಗೆ ಬೆನ್ನು ಆನಿಸಿ, ಎರಡೂ ಪಾದ ನೆಲಕ್ಕೂರಿ, ತೋಳಿಗೆ ನೀಲಿ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಾರೆ. ಸೊಸೆ ಒಲೆ ಮುಂದೆ ಊದುಗೊಳವೆ ಹಿಡಿದು ಹಾಗೇ ನಿಂತಿದ್ದಾಳೆ. ಚಹಾ ಕುಡಿಯುವ ಮುಂಚೆ, ಎಲೆ ಅಡಿಕೆ ಬಾಯಿಗೆ ಹಾಕುವ ಮುಂಚೆ ರಕ್ತದೊತ್ತಡ ನೋಡಬೇಕು, ಅದಕ್ಕೂ ಮೊದಲು ಐದು ನಿಮಿಷ ಮನೆ ಸುಮ್ಮನಿರಬೇಕು ಎಂಬುದು ನಿಯಮ. ಹಳ್ಳಿಯ ಮನೆಯೊಂದು ಬೆಳಗಿನ ಹೊತ್ತು ಇಷ್ಟು ಸುಮ್ಮನಿರುವುದನ್ನು ನಾನು ನೋಡಿದ್ದು ಒಂದೇ ಸಂದರ್ಭದಲ್ಲಿ. ಹೆಣ ಎತ್ತಿಕೊಂಡು ಹೋದ ಮೇಲೆ, ಗಂಡಸರು ಮಣ್ಣು ಮಾಡಿ ವಾಪಸು ಬರುವ ತನಕ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು ಗೋಡೆಗೊರಗಿ ನಿಂತಿದ್ದೇನೆ.

ಐದು ನಿಮಿಷ ಮುಗಿದ ಮೇಲೆ ಹೊನ್ನೂರಮ್ಮ ಗುಂಡಿ ಒತ್ತುತ್ತಾರೆ. ಪಟ್ಟಿ ತಾನಾಗಿಯೇ ಉಬ್ಬಿ, ತೋಳನ್ನು ಹಿಂಡಿ, ಉಸ್ಸೆಂದು ಉಸಿರು ಬಿಡುತ್ತದೆ. ಪುಟ್ಟ ಪರದೆಯಲ್ಲಿ ಮೂಡಿದ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಒಂದು ನಿಮಿಷ ಬಿಟ್ಟು ಮತ್ತೆ, ಇನ್ನೊಂದು ನಿಮಿಷ ಬಿಟ್ಟು ಮತ್ತೆ. "ಮೊದಲನೇದನ್ನ ಲೆಕ್ಕಕ್ಕ ಹಿಡಿಯಂಗಿಲ್ರಿ ಸರ," ಎಂದು ಹೊರಗೆ ಬಂದ ಮೇಲೆ ನನಗೆ ಹೇಳುತ್ತಾರೆ. "ಅದು ಅಂಜಿಕಿದು. ಎರಡನೇದು, ಮೂರನೇದು ಮನಷ್ಯಂದು."

ನಾವು ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದಂತೆ ಎದುರು ಸಾಲಿನ ಎರಡು ಬಾಗಿಲು ಮುಚ್ಚಿಕೊಳ್ಳುತ್ತವೆ. ಧಡಾರನೆ ಅಲ್ಲ, ಯಾರೋ ಒಳಗಿನಿಂದ ಒಂದೇ ಬೆರಳಲ್ಲಿ ತಳ್ಳಿದ ಹಾಗೆ. ಅಂಗಳಕ್ಕೆ ನೀರು ಹಾಕುತ್ತಿದ್ದ ಹೆಂಗಸು ಬಿಂದಿಗೆ ಅಲ್ಲೇ ಬಿಟ್ಟು ಒಳಗೆ ಹೋಗುತ್ತಾಳೆ. "ಬುಕ್ಕಿನಕ್ಕ ಬಂದ್ಲು" ಎಂಬ ಪಿಸುಮಾತು ನಮಗಿಂತ ಮುಂದೆ ಮುಂದೆ ಹೋಗುತ್ತಿದೆ. ಹೊನ್ನೂರಮ್ಮನವರ ಬಗಲಿನಲ್ಲಿರುವ ಉದ್ದನೆಯ ರಿಜಿಸ್ಟರಿನಿಂದ ಅವರಿಗೆ ಬಂದ ಹೆಸರು ಅದು. ಈ ಓಣಿಯಲ್ಲಿ ಇಪ್ಪತ್ತೇಳು ಜನರ ಹೆಸರು ಆ ಬುಕ್ಕಿನಲ್ಲಿದೆ. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಜನ ಸತ್ತಿದ್ದಾರೆ.

"ಬುಕ್ಕಿನ್ಯಾಗ ಇಲ್ಲದವ್ರೂ ಸಾಯ್ತಾರ್ರಿ," ಎನ್ನುತ್ತಾರೆ ಹೊನ್ನೂರಮ್ಮ. "ಅವ್ರನ್ನ ಯಾರೂ ಎಣಸಂಗಿಲ್ಲ, ಅಷ್ಟ. ಹೇಳಿ ಹೇಳಿ ನನ್ನ ಬಾಯಿ ಸೋತೈತಿ."

ಇವತ್ತು ಅವರು ಸಿರಿಗೇರಿಗೆ ಬಂದದ್ದು ಮುಖ್ಯವಾಗಿ ಓಣಿಯ ಕೊನೆಯ ಮನೆಗಾಗಿ. ಆ ಮನೆಯಲ್ಲಿ ಒಬ್ಬ ಸತ್ತ ಮನುಷ್ಯ ಎರಡು ವರ್ಷದಿಂದ, ವರ್ಷಕ್ಕೊಮ್ಮೆ, ಅವರ ಮುಂದೆ ತೋಳು ಚಾಚಿ ಕೂತಿದ್ದಾನೆ. ಅವನು ಯಾರೆಂದು ಅವನ ಬಾಯಿಂದಲೇ ಹೇಳಿಸಬೇಕು. ಬೇಗ ಹೇಳಿಸದಿದ್ದರೆ ಅವನು ನಿಜವಾಗಿಯೂ ಸಾಯಬಹುದು.

ಹೊನ್ನೂರಮ್ಮನವರಿಗೆ ನಲವತ್ತೇಳು ವರ್ಷ. ಊರು ಕುರುಗೋಡು. ತಂದೆ ಬಂಡೆ ಒಡೆಯುತ್ತಿದ್ದವರು. ಮಗಳಿಗೆ ಹತ್ತೊಂಬತ್ತಾಗಿದ್ದಾಗ ಒಂದು ಬೆಳಿಗ್ಗೆ ಮುಖ ತೊಳೆಯಲು ಕೂತವರ ಬಾಯಿ ಒಂದು ಕಡೆಗೆ ಜಾರಿತು. ಬಲಗೈಯಲ್ಲಿದ್ದ ತಂಬಿಗೆ ಬಿತ್ತು. ನೆರೆಯವರು ಬಂದು ನೋಡಿ, ಗಾಳಿ ಸೋಕಿದೆ ಎಂದರು. ಪಾರಿವಾಳದ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಕೈಗೆ ಜೀವ ಬರುತ್ತದೆ ಎಂದರು. ಮೂರು ದಿನ ಮಗಳೇ ತಿಕ್ಕಿದರು. ನಾಲ್ಕನೇ ದಿನ ತಿಕ್ಕಲು ತಂದೆ ಇರಲಿಲ್ಲ.

"ನಾಕೂವರಿ ತಾಸಿನ್ಯಾಗ ದೊಡ್ಡ ದವಾಖಾನಿಗೆ ಒಯ್ದ್ರ ಇಂಜೆಕ್ಷನ್ ಕೊಡ್ತಾರ ಅಂತ ಈಗ ನಾನೇ ಊರೂರಿಗೆ ಹೇಳಕೊಂತ ತಿರಗ್ತೀನಿ. ಆವಾಗ ನಂಗ್ಯಾರು ಹೇಳಬೇಕಿತ್ರಿ? ಮೂರು ದಿನ ತಿಕ್ಕೀನಿ. ಆ ವಾಸನಿ ಇನ್ನೂ ಕೈಯಾಗ ಐತಿ," ಎಂದು ಅಂಗೈಯನ್ನು ಮೂಗಿನ ಹತ್ತಿರ ಒಯ್ದು, ನಾನು ನೋಡುತ್ತಿದ್ದೇನೆಂದು ತಿಳಿದು ಕೆಳಗಿಳಿಸುತ್ತಾರೆ.

ಪಿಯುಸಿ ಪಾಸಾಗಿ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅವರಿಗೆ ಹದಿನಾಲ್ಕು ವರ್ಷದ ಹಿಂದೆ ಈ ಕೆಲಸ ಸಿಕ್ಕಿತು. ಹದಿನೆಂಟು ದೇಶಗಳ ವೈದ್ಯರು ಕೂಡಿ ನಡೆಸುತ್ತಿರುವ ಅಧ್ಯಯನವಿದು. ಹೃದಯಾಘಾತ, ಲಕ್ವಾ ಯಾರಿಗೆ ಯಾಕೆ ಬರುತ್ತವೆ, ಊಟದಲ್ಲಿ ಏನಿದೆ, ಉಪ್ಪೆಷ್ಟು, ಬೀಡಿ ಎಷ್ಟು, ಆಸ್ಪತ್ರೆ ಎಷ್ಟು ದೂರ ಎಂದು ಒಂದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುವುದು. ಬಳ್ಳಾರಿಯ ಮಿರ್ಚಿಯೂ ಮಂಡಕ್ಕಿ ಒಗ್ಗರಣೆಯೂ ಉಪ್ಪಿನಕಾಯಿಯೂ ಹೀಗೆ ಸಮುದ್ರದಾಚೆಯ ಲೆಕ್ಕಕ್ಕೆ ಸೇರಿವೆ. ಇಲ್ಲಿ ಸಿಕ್ಕ ಉತ್ತರದಿಂದ ಎಲ್ಲೋ ಒಂದು ದೇಶದಲ್ಲಿ ಔಷಧದ ಪ್ರಮಾಣ ಬದಲಾಗಬಹುದು, ಅಲ್ಲಿನ ಉತ್ತರದಿಂದ ಸಿರಿಗೇರಿಯ ಒಬ್ಬ ಮುದುಕಿಯ ಎಡಗೈ ಉಳಿಯಬಹುದು. ಕೇಳಲು ದೊಡ್ಡ ಮಾತು. ಕೆಲಸ ಮಾತ್ರ ಹೊನ್ನೂರಮ್ಮನವರ ಹೆಗಲ ಮೇಲಿದೆ. ರಕ್ತದೊತ್ತಡದ ಯಂತ್ರ, ತೂಕದ ಯಂತ್ರ, ಅಳತೆ ಪಟ್ಟಿ, ಇಸಿಜಿ ಪೆಟ್ಟಿಗೆ, ರಿಜಿಸ್ಟರು ಎಲ್ಲ ಸೇರಿ ಹನ್ನೊಂದು ಕಿಲೋ ತೂಗುವ ಚೀಲ ಅದು.

ನಾಲ್ಕಕ್ಕೆ ಏಳುತ್ತಾರೆ. ವೆಲ್ಡಿಂಗ್ ಕೆಲಸದ ಗಂಡನಿಗೆ ರೊಟ್ಟಿ ಮುಚ್ಚಿಟ್ಟು ಮೊದಲ ಬಸ್ಸು ಹಿಡಿಯುತ್ತಾರೆ. ಕುರುಗೋಡು, ಸಿರಿಗೇರಿ, ರೂಪನಗುಡಿ, ಸಿರುಗುಪ್ಪದ ಎರಡು ಬೀದಿ, ಬಳ್ಳಾರಿಯ ಕೌಲ್‌ಬಜಾರಿನ ಒಂದು ಗಲ್ಲಿ ಸೇರಿ ನಾನೂರ ಹದಿನೆಂಟು ಜನ ಅವರ ಪಾಲಿಗೆ. ಒಂದು ಬೆಳಿಗ್ಗೆಗೆ ಐದು ಮನೆ ಮುಗಿದರೆ ಹೆಚ್ಚು. ಎಪ್ಪತ್ತೊಂದು ಜನ ತೀರಿಕೊಂಡಿದ್ದಾರೆ. ಸತ್ತವರ ಲೆಕ್ಕವೂ ಅಲ್ಲಿಗೆ ಮುಗಿಯುವುದಿಲ್ಲ. ಸಾವಾದ ಎರಡು ತಿಂಗಳಿಗೆ ಆ ಮನೆಗೆ ಹೋಗಿ ಮೂವತ್ತೆಂಟು ಪ್ರಶ್ನೆಗಳ ಫಾರಂ ತುಂಬಬೇಕು. ಯಾವ ಕೈ ಮೊದಲು ಬಿತ್ತು? ಮಾತು ಯಾವಾಗ ನಿಂತಿತು? ಎದೆ ಹಿಡಿದುಕೊಂಡರೋ, ಬೆನ್ನೋ? ಕೊನೆಗೆ ಯಾರನ್ನು ಕರೆದರು?

ಹೀಗಾಗಿ ಅವರ ಜೊತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದು ಸ್ವಲ್ಪ ಕಷ್ಟದ ಕೆಲಸ. ಒಂದು ದಿನ ವಾಪಸು ಬರುವಾಗ ಬತ್ತದ ಗದ್ದೆಗಳ ಮೇಲೆ ಬೆಳಕು ಬೀಳುತ್ತಿತ್ತು, ಚೆನ್ನಾಗಿದೆ ಎಂದು ನಾನಿನ್ನೂ ಬಾಯಿ ತೆರೆದಿರಲಿಲ್ಲ. "ಆ ಬೇವಿನ ಮರ ಕಂಡ್ರಲ್ಲ," ಎಂದರು. "ಬುಕ್ಕಿನ್ಯಾಗಿನ ಮುನ್ನೂರ ಆರು ಅಲ್ಲೇ ಕುಂತಿದ್ದ. ಬುತ್ತಿ ಬಿಚ್ಚಿದಂಗ ಇತ್ತಂತ. ಎಬ್ಬಿಸಾಕ ಹೋದ್ರ ಏಳಲಿಲ್ಲ." ಮುಂದಿನ ತಿರುವಿನಲ್ಲಿ ಕಾಲುವೆಯ ಸೇತುವೆ ತೋರಿಸಿ, "ಇಲ್ಲಿ ತೊಂಬತ್ತೆರಡು," ಎಂದರು. ಅದಾದ ಮೇಲೆ ನಾನು ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಇನ್ನೂರ ಹದಿನಾಲ್ಕನೇ ನಂಬರು ಸುಂಕಣ್ಣನದು. ಸಿರಿಗೇರಿ, ಗದ್ದೆ ಕೆಲಸ, ಹೆಂಡತಿ ತೀರಿಕೊಂಡಿದ್ದಾಳೆ, ತಮ್ಮನ ಮನೆಯಲ್ಲಿ ವಾಸ. ಐದು ವರ್ಷಕ್ಕೊಮ್ಮೆ ತೆಗೆಯಬೇಕಾದ ಅವನ ಇಸಿಜಿಯನ್ನು ಹೊನ್ನೂರಮ್ಮ ಕಳೆದ ತಿಂಗಳು ತೆಗೆದು ಎಂದಿನಂತೆ ಬಳ್ಳಾರಿಯ ಕಚೇರಿಗೆ ಕೊಟ್ಟರು. ಔಷಧದ ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಆ ಕಚೇರಿಯಲ್ಲಿ ಡಾಕ್ಟರ್ ವಿಭಾ ಎಂಬುವರು ಎಲ್ಲ ಕಾಗದಗಳನ್ನೂ ನೋಡಿಕೊಳ್ಳುತ್ತಾರೆ. ಅಲ್ಲಿಂದ ಇಸಿಜಿ ಪಟ್ಟಿಗಳು ಸಮುದ್ರದಾಚೆಯ ಒಂದು ಊರಿಗೆ ಹೋಗುತ್ತವೆ. ಹದಿನೆಂಟೂ ದೇಶಗಳ ಗುಂಡಿಗೆಗಳ ಗೀಟುಗಳನ್ನು ಅಲ್ಲಿ ಕೆಲವರು ಕೂತು ಓದುತ್ತಾರೆ. ಅವರಿಗೆ ಯಾರ ಹೆಸರೂ ಗೊತ್ತಿರುವುದಿಲ್ಲ, ಬರೀ ನಂಬರು. ಇಲ್ಲಿಯವರಿಗೂ ಅವರ ಹೆಸರು ಗೊತ್ತಿಲ್ಲ. ನಮ್ಮ ಬಳ್ಳಾರಿಯದನ್ನು ಓದುವವರು 'ರೀಡರ್ ಏಳು'. ಗಂಡಸೋ ಹೆಂಗಸೋ ಎಂಬುದು ವಿಭಾ ಅವರಿಗೂ ತಿಳಿಯದು.

ಸಿರಿಗೇರಿಯ ಈ ಭೇಟಿಗೆ ಐದು ದಿನ ಮೊದಲು ರೀಡರ್ ಏಳರಿಂದ ನಾಲ್ಕು ಸಾಲಿನ ಸಂದೇಶ ಬಂತು. ವಿಭಾ ಅದನ್ನು ಕನ್ನಡ ಮಾಡಿ ನನಗೆ ಓದಿ ಹೇಳಿದರು. 'ಇನ್ನೂರ ಹದಿನಾಲ್ಕು. ಐದು ವರ್ಷದ ಹಿಂದಿನ ಪಟ್ಟಿಯೂ ಈಗಿನದೂ ಒಂದೇ ಹೃದಯದ್ದಲ್ಲ ಎಂದು ನನ್ನ ಅನುಮಾನ. ಅದರಲ್ಲಿ ಹಳೆಯ ಹೃದಯಾಘಾತದ ದೊಡ್ಡ ಗುರುತಿದೆ, ಇದರಲ್ಲಿ ಇಲ್ಲ. ಇದರ ಬಡಿತ ತಾಳ ತಪ್ಪಿದೆ, ದಯವಿಟ್ಟು ಈ ವ್ಯಕ್ತಿಯನ್ನು ಬೇಗ ಹುಡುಕಿ.'

"ಬಡಿತ ಹೀಗೆ ತಾಳ ತಪ್ಪಿದರೆ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು," ಎಂದು ವಿಭಾ ವಿವರಿಸಿದರು. "ಆ ಗಡ್ಡೆ ಮಿದುಳಿಗೆ ಹೋದರೆ ಲಕ್ವಾ. ನಾಳೆಯೇ ಆಗಬಹುದು, ಹತ್ತು ವರ್ಷ ಆಗದೆಯೂ ಇರಬಹುದು. ತಡೆಯೋದಕ್ಕೆ ಮಾತ್ರೆ ಇದೆ. ಆದರೆ ಸತ್ತವನ ಕಾಯಿಲೆಯ ಚೀಟಿ ಹಿಡಿದುಕೊಂಡು ಬಂದವನಿಗೆ ಯಾವ ಡಾಕ್ಟರು ಏನಂತ ಕೊಡೋಕಾಗುತ್ತೆ?"

ಹೊನ್ನೂರಮ್ಮ ಪಂಚಾಯಿತಿಗೆ ಹೋಗಿ ಕೇಳಿದರು. ಸುಂಕಣ್ಣ ತೀರಿಕೊಂಡು ಎರಡು ವರ್ಷ ನಾಲ್ಕು ತಿಂಗಳು. ಅದರ ನಂತರ ಅವರು ಎರಡು ಸಲ 'ಸುಂಕಣ್ಣ'ನ ತೋಳಿಗೆ ಪಟ್ಟಿ ಕಟ್ಟಿದ್ದಾರೆ, ಊಟ ಏನು ಎಂದು ಕೇಳಿದ್ದಾರೆ, ಉತ್ತರ ಬರೆದುಕೊಂಡಿದ್ದಾರೆ. ಮೊದಲೆಲ್ಲ ಸಿರಿಗೇರಿಯನ್ನು ನೋಡಿಕೊಳ್ಳುತ್ತಿದ್ದವರು ಶೀಲಾ ಎಂಬ ಇನ್ನೊಬ್ಬ ಕಾರ್ಯಕರ್ತೆ. ಅವರು ಕೆಲಸ ಬಿಟ್ಟ ಮೇಲೆ ಊರು ಇವರ ಪಾಲಿಗೆ ಬಂತು.

"ಸುಂಕಣ್ಣ ಬದುಕಿದ್ದಾಗ ನಾನು ನೋಡೇ ಇಲ್ರಿ ಸರ," ಎನ್ನುತ್ತಾರೆ. "ನಾನು ಕಂಡ ಸುಂಕಣ್ಣ ಮೊದಲಿಂದ್ಲೂ ಸತ್ತವನ."

ಕೊನೆಯ ಮನೆಯ ಬಾಗಿಲು ಮಾತ್ರ ತೆರೆದಿದೆ. ದೇವರ ಗೂಡಿನ ಪಕ್ಕ, ಕರಿದಾರಕ್ಕೆ ಕಟ್ಟಿದ ಅಧ್ಯಯನದ ಕಾರ್ಡು ತಾಯಿತದಂತೆ ತೂಗುತ್ತಿದೆ. ಹೊಸ್ತಿಲಲ್ಲಿ ನಿಂತ ಹೆಂಗಸು ದುರ್ಗಮ್ಮ, ಮನೆಯ ಯಜಮಾನನ ಹೆಂಡತಿ. ಒಳಗೆ ಕುರ್ಚಿಯಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಮನುಷ್ಯ, ತಲೆ ಮೇಲೆ ಟವೆಲು. ನಾವು ಕೇಳುವ ಮೊದಲೇ ಆತ ತೋಳು ಚಾಚಿದ್ದಾನೆ. ಪಕ್ಕದ ಕಟ್ಟೆಯಿಂದ ಮುದುಕನೊಬ್ಬ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಕೂಗುತ್ತಾನೆ: "ಲೇ ಸುಂಕಣ್ಣಾ, ಅಕ್ಕ ಬಂದಾಳ ನೋಡು!" ಎದುರು ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಇನ್ನೊಂದು ದನಿ: "ಸುಂಕಣ್ಣಾ, ಚಹಾ ಆತೇನೋ?" ಇಡೀ ಓಣಿ ಸತ್ತವನ ಹೆಸರು ಹಿಡಿದು ಕರೆಯುತ್ತಿದೆ, ಟವೆಲಿನ ಮನುಷ್ಯ ಒಂದೊಂದಕ್ಕೂ "ಹೂಂ" ಅನ್ನುತ್ತಿದ್ದಾನೆ.

ಹೊನ್ನೂರಮ್ಮ ಚೀಲ ಬಿಚ್ಚುವುದಿಲ್ಲ. ನೆಲದ ಮೇಲೆ ಕೂರುತ್ತಾರೆ. ದುರ್ಗಮ್ಮ ಕೊಟ್ಟ ನೀರು ಕುಡಿದು, ಚೊಂಬು ಕೆಳಗಿಟ್ಟು, ಮೆಲ್ಲಗೆ ಹೇಳುತ್ತಾರೆ. "ಅಣ್ಣಾ, ನಿನ್ನ ಗುಂಡಿಗಿ ಸುಂಕಣ್ಣಂದಲ್ಲ ಅಂತ ಅಲ್ಲಿ ಗೊತ್ತಾಗೈತಿ."

"ಎಲ್ಲಿ?"

"ದೂರದ ದೇಶದಾಗ. ಸಮುದ್ರದಾಚಿ."

ಆತ ಚಾಚಿದ್ದ ತೋಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. "ಅಲ್ಲಿಂದ ಕಂಡೈತಾ?"

"ಕಂಡೈತಿ."

ಆಮೇಲೆ ಮಾತು ಹೊರಬರುತ್ತದೆ, ಬಿಕ್ಕಳಿಕೆಯಂತೆ ತಡೆತಡೆದು. ಬುಕ್ಕಿನಲ್ಲಿ ಹೆಸರು ಬರೆಸಿದವನು ಉಳಿಯುವುದಿಲ್ಲ ಎಂದು ಓಣಿಗೆಲ್ಲ ಗೊತ್ತು. ಒಬ್ಬ ಸತ್ತನೆಂದು ತಿಳಿದರೆ ಅದೇ ಮನೆಯ ಇನ್ನೊಬ್ಬನನ್ನು ಆ ಜಾಗಕ್ಕೆ ಬರೆದುಕೊಳ್ಳುತ್ತಾರೆ ಎಂದೂ ಗೊತ್ತು. ಹಾಗೆಂದು ಯಾರು ಹೇಳಿದರೋ ಯಾರಿಗೂ ತಿಳಿಯದು. ಅಧ್ಯಯನದಲ್ಲಿ ಹಾಗೆ ಯಾರನ್ನೂ ಬದಲಿಗೆ ಹಾಕಿಕೊಳ್ಳುವುದೇ ಇಲ್ಲ.

"ಸತ್ತವ ಇನ್ನೊಂದ್ಸಲ ಸಾಯಂಗಿಲ್ಲಲ್ಲ, ತಂಗಿ," ಎನ್ನುತ್ತಾನೆ ಆತ. "ಅದಕ್ಕ ಅಣ್ಣನ ಹೆಸರಿನ್ಯಾಗ ಕುಂತ್ಕೊಂಡೆ. ಆ ಹೆಸರಿಗೆ ಸಾವು ಒಮ್ಮಿ ಬಂದು ಹೋಗೈತಿ. ಮತ್ತ ಯಾಕ ಬರ್ತೈತಿ?"

ಅಡಗಲು ಇದಕ್ಕಿಂತ ಭದ್ರವಾದ ಜಾಗ ನನಗೂ ಹೊಳೆಯಲಿಲ್ಲ. ಆದರೆ ಅಲ್ಲಿಯೂ ಆತನಿಗೆ ನೆಮ್ಮದಿಯಿಲ್ಲ. ಎದೆ ಆಗಾಗ ಹಕ್ಕಿ ಒದ್ದಾಡಿದಂತೆ ಬಡಿದುಕೊಳ್ಳುತ್ತದೆ. ಆಗೆಲ್ಲ ಅಣ್ಣ ಬಿಟ್ಟುಹೋದ ಡಬ್ಬಿಯಿಂದ ಒಂದು ಗುಳಿಗೆ ನುಂಗುತ್ತಾನೆ. ಎರಡು ವಾರದ ಹಿಂದೆ ಒಂದು ಬೆಳಿಗ್ಗೆ ಚಹಾದ ಲೋಟ ಎಡಗೈಯಿಂದ ಜಾರಿತು. ಹತ್ತು ನಿಮಿಷ ಕೈಯೂ ಏಳಲಿಲ್ಲ, ಬಾಯೂ ಏಳಲಿಲ್ಲ. ಆಮೇಲೆ ತಾನಾಗಿ ಸರಿಹೋಯಿತು.

"ಅಣ್ಣ ಕೈ ಹಿಡದಿದ್ದ," ಎಂದು ದನಿ ತಗ್ಗಿಸುತ್ತಾನೆ. "ಎರಡು ವರ್ಷ ನನ್ನ ಜಾಗದಾಗ ಕುಂತಿ, ಇನ್ನ ಏಳು ಅಂದಂಗಾತು."

ಹೊನ್ನೂರಮ್ಮನವರ ಕೈ ರಿಜಿಸ್ಟರಿನ ಮೇಲೆ ಬಿಗಿಯುವುದನ್ನು ನಾನು ನೋಡುತ್ತೇನೆ. ಹತ್ತು ನಿಮಿಷ ಬಂದು ಹೋದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ಸಲ ಅದು ಬಿಟ್ಟುಹೋಗದಿರಬಹುದು. "ಅದು ಅಣ್ಣ ಅಲ್ಲಪ್ಪ, ಲಕ್ವಾ. ಸುಳಿವು ಕೊಟ್ಟು ಹೋಗೈತಿ. ಇವತ್ತ ಬಳ್ಳಾರಿಗೆ ಹೋಗೂಣು, ಏಳು. ನಿನ್ನ ಹೆಸರೊಂದು ಹೇಳು." ಆತ ತಲೆಯಾಡಿಸುತ್ತಾನೆ. ಹೆಸರು ಅವರಿಗೆ ಗೊತ್ತಿಲ್ಲವೆಂದಲ್ಲ, ಪಂಚಾಯಿತಿಯಲ್ಲೇ ಕೇಳಿದ್ದಾರೆ. ಆದರೆ ಸ್ವಂತ ಬಾಯಿಂದ ಒಪ್ಪಿ ಹೇಳದವನ ಹೆಸರನ್ನು ಯಾವ ಚೀಟಿಯಲ್ಲೂ ಬರೆಯುವಂತಿಲ್ಲ, ಬರೆದರೂ ಆತ ಜೊತೆಗೆ ಹೊರಡಬೇಕಲ್ಲ. ಮೂರು ಸಲ ಕೇಳುತ್ತಾರೆ. ಮೂರನೇ ಸಲಕ್ಕೆ ಆತ ಎದ್ದು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ.

ಬಸ್ ನಿಲ್ದಾಣದತ್ತ ಬರುವಾಗ ನಾನು ನಕ್ಕೆ. ಈ ಕಾಲದಲ್ಲಿಯೂ ಎಂಥ ಜನ ಎಂದೆ. ಹೊನ್ನೂರಮ್ಮ ನಗಲಿಲ್ಲ. ರಿಜಿಸ್ಟರಿನ ಕೊನೆಯ ಪುಟ ತೆರೆದು, "ನನ್ನ ಜೋಡಿ ಯಾರು ಬಂದ್ರೂ ಇಲ್ಲಿ ಬರೀಬೇಕು ಸರ, ರೂಲ್ಸು. ನಿಮ್ಮ ಪೂರ್ತಿ ಹೆಸರು ಹೇಳ್ರಿ," ಎಂದು ಪೆನ್ನು ಹಿಡಿದರು.

ಹತ್ತಿಪ್ಪತ್ತು ವರ್ಷದಿಂದ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡು ಮೆರೆದವನು ನಾನು. ಪೆನ್ನಿನ ತುದಿ ಕಾಗದದ ಮೇಲೆ ಕಾಯುತ್ತಿತ್ತು. ಮಂಜಿನಲ್ಲಿ ಓಣಿಯ ಬಾಗಿಲುಗಳು ಇನ್ನೂ ಕಾಣುತ್ತಿದ್ದವು. "ಆಮೇಲೆ ಬರೆದುಕೊಳ್ಳಿ, ಬಸ್ಸು ಬಂತು," ಎಂದೆ. ಬಸ್ಸು ಬಂದಿರಲಿಲ್ಲ.

"ಎಲ್ರೂ ಹಂಗ ಅಂತಾರ್ರಿ," ಎಂದು ಅವರು ರಿಜಿಸ್ಟರು ಮುಚ್ಚಿದರು.

ಮೂರನೇ ದಿನ ಅವರು ಮತ್ತೆ ಹೊರಟರು. ನಡುವಿನ ಎರಡೂ ದಿನ ದುರ್ಗಮ್ಮನಿಗೆ ಫೋನು ಮಾಡಿ, "ಬಾಯಿ ಸೊಟ್ಟ ಆದ್ರ, ಕೈ ಬಿದ್ರ, ಮಾತು ತೊದಲಿದ್ರ ಗಾಳಿ ಅನ್ನಬ್ಯಾಡ, ಆಂಬುಲೆನ್ಸಿಗೆ ಫೋನ್ ಹಚ್ಚು" ಎಂದು ಹೇಳಿದ್ದಾರೆ. ನಾನು ಕರೆಯದಿದ್ದರೂ ಜೊತೆಗೆ ಹೋದೆ. ಅದೇ ಮಂಜು, ಅದೇ ಮುಚ್ಚಿದ ಬಾಗಿಲುಗಳು. ಟವೆಲಿನ ಮನುಷ್ಯ ಈ ಸಲ ತೋಳು ಚಾಚಲಿಲ್ಲ.

"ಇವತ್ತು ನಿನ್ನ ಹೆಸರು ಕೇಳಾಕ ಬಂದಿಲ್ಲ," ಎನ್ನುತ್ತಾರೆ ಹೊನ್ನೂರಮ್ಮ. "ಸುಂಕಣ್ಣನ ಫಾರಂ ತುಂಬಬೇಕು. ಹೆಂಗ ಸತ್ತ, ಹೇಳು."

ಮೂವತ್ತೆಂಟು ಪ್ರಶ್ನೆ. ಒಂದೊಂದನ್ನೂ ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಗದ್ದೆಗೆ ನೀರು ಕಟ್ಟಲು ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ನಸುಕು. ಅಣ್ಣ ಸಲಿಕೆ ಕೆಳಗಿಟ್ಟು ಎದೆ ಉಜ್ಜಿಕೊಂಡ. ಬೆವರು ಸುರಿಯಿತು. ಗ್ಯಾಸ್ ಆಗಿದೆ, ಸೋಡಾ ಕುಡಿದರೆ ಇಳಿಯುತ್ತದೆ ಎಂದು ತಮ್ಮ ಊರೊಳಗೆ ಓಡಿದ. ಅಂಗಡಿ ತೆರೆದಿರಲಿಲ್ಲ. ಎಬ್ಬಿಸಿ, ಸೋಡಾ ತೆಗೆಸಿ, ನಿಂಬೆಹಣ್ಣು ಹುಡುಕಿ ವಾಪಸು ಬರುವಷ್ಟರಲ್ಲಿ ಒಂದೂವರೆ ತಾಸು.

"ಬದುವಿನ ಮ್ಯಾಲೆ ಕುಂತಿದ್ದ. ನಾನು ಬರೋ ದಾರಿನ ನೋಡ್ತಿದ್ದ. ಕಣ್ಣು ತೆರದಿದ್ದು," ಎಂದು ಆತ ಟವೆಲನ್ನು ಮುಖಕ್ಕೆ ಒತ್ತಿಕೊಳ್ಳುತ್ತಾನೆ. "ಅವನ ಹೆಸರಿಗೆ ನಾನು ಹೂಂ ಅಂದಾಗೆಲ್ಲ ಅಂವ ಇನ್ನೂ ಸತ್ತಿಲ್ಲ ಅನಸ್ತಿತ್ತು ತಂಗಿ. ನಾನು ಸೋಡಾ ತರಾಕ ಹೋಗೇ ಇಲ್ಲ ಅನಸ್ತಿತ್ತು."

ದುರ್ಗಮ್ಮ ಗೋಡೆ ಕಡೆ ತಿರುಗಿ ನಿಲ್ಲುತ್ತಾಳೆ. ಹೊನ್ನೂರಮ್ಮ ಮೂವತ್ತೆಂಟನೆಯ ಉತ್ತರ ಬರೆದು, ದೇವರ ಗೂಡಿನ ಪಕ್ಕದ ಕಾರ್ಡನ್ನು ಇಳಿಸಿಕೊಂಡು, ನಿಯಮದಂತೆ ಕತ್ತರಿಯಿಂದ ಅದರ ಮೂಲೆ ಕತ್ತರಿಸುತ್ತಾರೆ. ಕಚ್ ಎಂಬ ಸಣ್ಣ ಸದ್ದು. "ಸುಂಕಣ್ಣಂದು ಇಲ್ಲಿಗೆ ಮುಗೀತು. ಇದನ್ನ ಮಣ್ಣಾಗ ಇಡು. ಅಣ್ಣಂದು ಅಣ್ಣಗ ಕೊಟ್ಟುಬಿಡು," ಎಂದು ಆತನ ಕೈಗೆ ಕೊಡುತ್ತಾರೆ.

ಆಮೇಲೆ ಅವರು ಮಾಡಿದ್ದು ಯಾವ ನಿಯಮದಲ್ಲಿಯೂ ಇಲ್ಲ. ಆಸ್ಪತ್ರೆಗೆ ಕಳಿಸುವ ಚೀಟಿಯೊಂದನ್ನು ಹರಿದುಕೊಂಡು, ಆತನಿಗೆ ಕಾಣುವಂತೆ ತಮ್ಮ ಹೆಸರು ಬರೆಯುತ್ತಾರೆ. ಹೊನ್ನೂರಮ್ಮ, ನಲವತ್ತೇಳು, ಕುರುಗೋಡು.

"ಹದಿನಾಕು ವರ್ಷ ಆತು. ನನ್ನ ಹೆಸರು ನಾನು ಎಲ್ಲೂ ಬರದಿಲ್ಲ, ಒಂದು ದಿನಾನೂ ಪಟ್ಟಿ ಕಟಗೊಂಡಿಲ್ಲ," ಎನ್ನುತ್ತಾರೆ. "ಟೈಮಿಲ್ಲ ಅಂತಿದ್ದೆ. ಟೈಮ್ ಇತ್ತು. ನಂಗೂ ಅಂಜಿಕಿ. ಹಿಡಿ, ನೀನ ಕಟ್ಟು."

ಆತ ಕಟ್ಟಿದ ಪಟ್ಟಿ ಎರಡು ಸಲ ಜಾರುತ್ತದೆ. ದುರ್ಗಮ್ಮ ನೆಲದ ಮೇಲಿನ ಕೈಗಡಿಯಾರ ನೋಡುತ್ತಾ ಕೂರುತ್ತಾಳೆ. ಐದು ನಿಮಿಷ. ಓಣಿಯಲ್ಲಿ ಎಲ್ಲೂ ಸದ್ದಿಲ್ಲ. ಎದುರಿನ ಬಾಗಿಲು ನಾಲ್ಕು ಬೆರಳು ತೆರೆದಿದೆ, ಅದರ ಹಿಂದೆ ಮುಖಗಳಿವೆ ಎಂದು ಗೊತ್ತು, ಕಾಣುತ್ತಿಲ್ಲ. ಆಮೇಲೆ ಯಂತ್ರ ಉಸ್ಸೆಂದಾಗ ಬೆಚ್ಚಿಬಿದ್ದವನು ನಾನೊಬ್ಬನೇ ಅಲ್ಲ ಎನಿಸಿತು. ನೂರಾ ಅರವತ್ತೆರಡು, ನೂರು.

"ಮೊದಲನೇದು ಅಂಜಿಕಿದು, ಬಿಡು," ಎಂದು ಟವೆಲಿನ ಮನುಷ್ಯನೇ ಸಮಾಧಾನ ಹೇಳು‌ತ್ತಾನೆ.

ಎರಡನೆಯದು ನೂರಾ ಐವತ್ತಾರು. ಮೂರನೆಯದೂ ಅಷ್ಟೇ. ಊರೂರಿನ ತೋಳಿಗೆ ಪಟ್ಟಿ ಕಟ್ಟುವವರು ಪರದೆಯನ್ನು ಸುಮ್ಮನೆ ನೋಡುತ್ತಾರೆ. "ನಂದ ಇದು," ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಇನ್ನೊಂದು ಖಾಲಿ ಚೀಟಿ ತೊಡೆಯ ಮೇಲಿಟ್ಟುಕೊಂಡು ಆತನ ಮುಖ ನೋಡುತ್ತಾರೆ. "ನಾನೂ ದವಾಖಾನಿಗೆ ಹೋಗಬೇಕಾತಲ್ಲಪ್ಪ. ಜೋಡಿಗೆ ಬರ್ತಿಯೇನು?"

ಆತ ಟವೆಲು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾನೆ. ತಲೆಗೂದಲೆಲ್ಲ ಬೆಳ್ಳಗಾಗಿದೆ. ಕೈಯಲ್ಲಿನ ಮೂಲೆ ಕತ್ತರಿಸಿದ ಕಾರ್ಡನ್ನೊಮ್ಮೆ ನೋಡಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ.

"ಹುಲುಗಪ್ಪ," ಎನ್ನುತ್ತಾನೆ. "ಬರಕೋ ತಂಗಿ. ಹುಲುಗಪ್ಪ."

ಎರಡು ವರ್ಷ ನಾಲ್ಕು ತಿಂಗಳ ನಂತರ, ಬುಕ್ಕಿನಕ್ಕನ ಎದುರಿಗೆ, ಪಕ್ಕದ ಕಟ್ಟೆಯ ಮುದುಕ ಕೂಗುತ್ತಾನೆ: "ಲೇ ಹುಲುಗಪ್ಪಾ, ಚಪ್ಪಲಿ ಹಾಕ್ಕೊಂಡು ಹೋಗಲೇ!" ಬಸ್ಸಿಗೆ ಕಾಯುವಾಗ ನಾನು ರಿಜಿಸ್ಟರು ಕೇಳಿ ಪಡೆದು, ಕೊನೆಯ ಪುಟದಲ್ಲಿ ನನ್ನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಬರೆದೆ.

ಇದಾಗಿ ಹತ್ತು ದಿನ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹುಲುಗಪ್ಪನ ಹೆಸರಿನಲ್ಲಿ ಹೊಸ ಚೀಟಿ ಆಗಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರುವಾಗಿದೆ. ಅಣ್ಣನ ಡಬ್ಬಿಯನ್ನು ಡಾಕ್ಟರು ತೆಗೆದುಕೊಂಡಿದ್ದಾರೆ. ಹೊನ್ನೂರಮ್ಮನವರಿಗೂ ದಿನಕ್ಕೊಂದು ಮಾತ್ರೆ, ಉಪ್ಪಿನಕಾಯಿ ಬಂದ್. ರೀಡರ್ ಏಳಕ್ಕೆ ವಿಭಾ ಉತ್ತರ ಬರೆದಿದ್ದಾರೆ: ಇನ್ನೂರ ಹದಿನಾಲ್ಕನೇ ನಂಬರಿನವರು ಮೃತರು. ಹೊಸ ಪಟ್ಟಿ ಬೇರೊಬ್ಬರದು, ಪತ್ತೆಯಾಗಿದ್ದಾರೆ, ಚಿಕಿತ್ಸೆ ಶುರುವಾಗಿದೆ. ಆ ಕಡೆಯಿಂದ ಒಂದೇ ಪದ ಬಂತಂತೆ, ಧನ್ಯವಾದ.

"ಅಲ್ಲಿ ಕುಂತು ನೋಡಿದವ್ರಿಗೆ ಅವನ ಹೆಸರು ತಿಳಿಸ್ರಿ ಅಂದೆ," ಎನ್ನುತ್ತಾರೆ ಹೊನ್ನೂರಮ್ಮ, ಕುರುಗೋಡಿನ ಬಸ್ಸಿನಲ್ಲಿ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು. "ಹೆಸರು ಕಳಸಂಗಿಲ್ಲಂತ. ರೂಲ್ಸು ಅಂದ್ರ ರೂಲ್ಸು. ಯಾರಿಗೂ ಕಾಣದ ಗುಂಡಿಗಿ ಅವ್ರಿಗೆ ಕಂಡೈತಿ, ಯಾರದ್ದು ಅಂತ ಗೊತ್ತಾಗಬ್ಯಾಡೇನ್ರಿ?"

ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ, ಏನಾದರೂ ಆಸೆ ಇದ್ದರೆ ಹೇಳಿ ಎಂದು ಕೇಳಿದೆ. ಕಿಟಕಿಯ ಆಚೆ ಕಾಲುವೆಯ ಸೇತುವೆ ಬಂತು. ಈ ಸಲ ಅವರು ನಂಬರು ಹೇಳಲಿಲ್ಲ.

"ನನ್ನ ಹೆಸರು ಸಣ್ಣದಾಗಿ ಹಾಕ್ರಿ ಸರ, ಎಲ್ಯಾರ ಮೂಲ್ಯಾಗ. ಅವಂದು ದೊಡ್ಡದಾಗಿ ಹಾಕ್ರಿ. ಹಾಕ್ರಿ ಅಂತ ಅವನ ಹೇಳ್ಯಾನ, ಪೇಪರು ತರಿಸಿ ಓಣಿಗೆಲ್ಲ ತೋರಸ್ತಾನಂತ. ಹುಲುಗಪ್ಪ, ಸಿರಿಗೇರಿ. ಹೆಸರು ಬರಿಸಿದ ಮ್ಯಾಲೂ ಬದುಕಿದಾನ ಅಂತ ಬರೀರಿ."